ಟಾರ್ಮಿ ಮನೆತನದ ಐರಿಷ್ ಮೂಲ

ಎಡ್ಮುಂಡೊ ಟಾರ್ಮಿಯವರಿಗೆ ಅವತ್ತು ಊಟ ಗಂಟಲಲ್ಲಿ ಇಳಿಯದೇ ಹೋದದ್ದಕ್ಕೆ ಕುರಿಮಾಂಸ ಕಾರಣವಲ್ಲ. ಕುರಿಮಾಂಸದ ತಟ್ಟೆಯ ಪಕ್ಕದಲ್ಲಿ ಇಟ್ಟಿದ್ದ ಪಾಸ್‌ಪೋರ್ಟು ಕಾರಣ.

ಐರ್ಲೆಂಡಿಗೆ ಸಮುದ್ರದಾಚೆ, ಸ್ಪ್ಯಾನಿಷ್ ಮಾತಾಡುವ ನಾಡಿನ ಸುಯಿಪಾಚಾ ಊರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಫೆರ್ಮಿನ್ ಲೆಡ್‌ವಿತ್ ಆ ಭಾನುವಾರ ಹಿತ್ತಿಲಲ್ಲಿ ಕೆಂಡ ಹರಡಿ, ಇಡೀ ಕುರಿಯನ್ನು ಕಬ್ಬಿಣದ ಶಿಲುಬೆಗೆ ಕಟ್ಟಿ ಬೇಯಿಸಿ, ಬೀದಿಯವರನ್ನೆಲ್ಲ ಊಟಕ್ಕೆ ಕರೆದಿದ್ದ. ಏನು ವಿಶೇಷವೆಂದು ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಕೂತ ಮೇಲೆ ಜೇಬಿನಿಂದ ದ್ರಾಕ್ಷಾರಸದ ಬಣ್ಣದ ಪುಟ್ಟ ಪುಸ್ತಕವೊಂದನ್ನು ತೆಗೆದು, ಏನೂ ಆಗಿಲ್ಲವೆನ್ನುವಂತೆ ಸಲಾಡಿನ ಬೋಗುಣಿಯ ಪಕ್ಕ ಇಟ್ಟ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ವೀಣೆಯ ದಾಯಾದಿಯಂಥ ಒಂದು ವಾದ್ಯ. ಒಂದು ನೊಣ ಬಂತು. ಫೆರ್ಮಿನ್ ಆ ಪುಸ್ತಕದಿಂದಲೇ ಅದನ್ನು ಓಡಿಸಿದ. ಇನ್ನೊಂದು ನೊಣ ಬಂತು. (ಆ ನೊಣಗಳನ್ನೂ ಅವನೇ ಊಟಕ್ಕೆ ಕರೆದಿದ್ದನೆಂದು ಎಡ್ಮುಂಡೊ ಅವರ ದೃಢವಾದ ನಂಬಿಕೆ.) ಮೂರನೆಯ ನೊಣಕ್ಕೆ ಯಾರೋ ಕೇಳಿದರು, “ಏನದು ಫೆರ್ಮಿನ್?”

“ಇದಾ? ಏನಿಲ್ಲ ಬಿಡಿ. ನಮ್ಮಜ್ಜಿ ಅಲ್ಲಿ ಹುಟ್ಟಿದ್ದಲ್ವಾ, ಅದಕ್ಕೆ ನನ್ನನ್ನೂ ಐರಿಷ್ ಪ್ರಜೆ ಅಂತ ಸೇರಿಸ್ಕೊಂಡಿದಾರೆ. ನಿನ್ನೆ ಟಪಾಲಲ್ಲಿ ಬಂತು.” ಆಮೇಲೆ ಎಡ್ಮುಂಡೊ ಕಡೆಗೆ ತಿರುಗಿದ. “ನಿಂದು ಬಂತೇನಯ್ಯಾ?”

ಯಾರನ್ನು ಕೇಳುತ್ತಿದ್ದಾನೆ ಇವನು? ಸುಯಿಪಾಚಾದಲ್ಲಿ ಐರಿಷ್ ರಕ್ತವೆಂಬುದೇನಾದರೂ ಹರಿಯುತ್ತಿದ್ದರೆ ಅದರ ಮುಖ್ಯ ಕಾಲುವೆ ಟಾರ್ಮಿ ಮನೆತನ, ಉಳಿದವರೆಲ್ಲ ಅದರಿಂದ ಸೋರಿದವರು ಎಂದು ಎಡ್ಮುಂಡೊ ಬುದ್ಧಿ ಬಂದಾಗಿನಿಂದ ಹೇಳಿಕೊಂಡು ಬಂದಿದ್ದರು. ಅವರ ಊಟದ ಮನೆಯ ಗೋಡೆಯಲ್ಲಿ ಅಜ್ಜ ಮಿಗೆಲ್ ಟಾರ್ಮಿಯ ದೊಡ್ಡ ಭಾವಚಿತ್ರವಿತ್ತು. ಆ ಅಜ್ಜ ಐರ್ಲೆಂಡಿನ ವೆಸ್ಟ್‌ಮೀತ್ ಸೀಮೆಯಿಂದ ಹಡಗೇರಿ ಬರುವಾಗ ಎದ್ದ ಅಲೆಗಳ ಕಥೆಯನ್ನು ಎಡ್ಮುಂಡೊ ಅಜ್ಜನ ಬಾಯಿಂದಲೇ ಕೇಳಿದ್ದರು. ಮೊದಲಿಗೆ ಆಳೆತ್ತರವಿದ್ದ ಆ ಅಲೆಗಳು ವರ್ಷದಿಂದ ವರ್ಷಕ್ಕೆ ಬೆಳೆದು ಈಗ ಚರ್ಚಿನ ಗೋಪುರವನ್ನು ದಾಟಿದ್ದವು. ತಮ್ಮಲ್ಲಿ ಒಳ್ಳೆಯದೆಂಬುದು ಏನಿದೆಯೋ ಅದೆಲ್ಲ ಐರಿಷ್. ಬಣ್ಣ, ಮೊಳೆ, ತಂತಿ ಮಾರುವ ಅಂಗಡಿಯಲ್ಲಿ ಚೌಕಾಸಿಗೆ ಜಗ್ಗದ ಹಟ ಐರಿಷ್. ಮೂರು ಲೋಟ ಇಳಿಸಿದರೂ ತೊದಲದ ನಾಲಿಗೆ ಐರಿಷ್. ಜೂನ್ ತಿಂಗಳಲ್ಲಿ ಬರುವ ನೆಗಡಿ ಕೂಡ ಐರಿಷ್. ಮನೆಯಲ್ಲಿ ಕೆಟ್ಟದ್ದು ಏನಿದೆಯೋ ಅದು ಇಟಲಿಯದು, ಅಂದರೆ ಹೆಂಡತಿಯ ಕಡೆಯದು.

ಹೆಂಡತಿ ನೆಲಿಡಾ ಈ ಸಿದ್ಧಾಂತವನ್ನು ಮೂವತ್ತಾರು ವರ್ಷಗಳಿಂದ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಅವಳ ತಾಯಿ, ತೊಂಬತ್ತೊಂದರ ಪಾಲ್ಮಿರಾ, ಇವರ ಜೊತೆಯಲ್ಲೇ ಇದ್ದರು. ಆಕೆ ಮಾತಾಡುವಾಗ ಎರಡು ಕೈಗಳೂ ಮೊದಲು ಹೊರಟು, ಮಾತು ಅವುಗಳ ಹಿಂದೆ ನಿಧಾನವಾಗಿ ಬರುತ್ತಿತ್ತು. “ನಿಮ್ಮಮ್ಮನ ಕೈ ಕಟ್ಟಿಹಾಕಿದ್ರೆ ಮೂಕಿಯಾಗ್ತಾರೆ ಕಣೇ. ಇಟಲಿಯ ರಕ್ತ ಅಂದ್ರೆ ಹಾಗೇ,” ಎಂದು ಎಡ್ಮುಂಡೊ ವಾರಕ್ಕೊಮ್ಮೆಯಾದರೂ ಹೇಳಿ ತಾವೇ ನಗುತ್ತಿದ್ದರು.

ಮರುದಿನ ಬೆಳಿಗ್ಗೆ ಮಾತೆ ಕುಡಿಯುವ ಹೊತ್ತಿನಲ್ಲಿ ಅವರು ಘೋಷಣೆ ಹೊರಡಿಸಿದರು. (ಮಾತೆ ಎಂದರೆ ಇಲ್ಲಿ ತಾಯಿಯಲ್ಲ, ಸೋರೆಬುರುಡೆಯಿಂದ ಹೀರುವ ಕಹಿ ಸೊಪ್ಪಿನ ಕಷಾಯ. ಆದರೆ ಅದು ಎಬ್ಬಿಸದೆ ಆ ಊರಲ್ಲಿ ಯಾರೂ ಏಳುವುದಿಲ್ಲವಾದ್ದರಿಂದ ತಾಯಿ ಎಂದರೂ ತಪ್ಪಿಲ್ಲ.)

“ನಾವೆಲ್ಲ ಐರಿಷ್ ಪ್ರಜೆಗಳಾಗ್ತಿದೀವಿ.”

“ಎಲ್ಲಿಗೆ ಹೋಗೋಕೆ?” ಎಂದಳು ನೆಲಿಡಾ.

“ಎಲ್ಲಿಗೂ ಹೋಗೋಕಲ್ಲ ಕಣೇ. ಆಗೋಕೆ.”

“ಆಗಿ?”

“ಆಗಿ... ಆಗಿರೋಕೆ.”

“ನಾಲ್ಕು ದಿನ ಸಮುದ್ರ ನೋಡ್ಕೊಂಡು ಬರೋಣ ರೀ ಅಂದ್ರೆ ಅಂಗಡಿ ಯಾರು ನೋಡ್ಕೋತಾರೆ ಅಂತೀರ. ಈಗ ಒಂದು ದೇಶಾನೇ ತಗೋತೀನಿ ಅಂತಿದೀರ. ಅದನ್ನ ಯಾರು ನೋಡ್ಕೋತಾರೆ?”

ಮಗಳು ಸಬೀನಾ ಪ್ರಾಥಮಿಕ ಶಾಲೆಯ ಟೀಚರು. ಓದಿ ಅರ್ಥ ಹೇಳುವುದು ಅವಳಿಗೆ ಅಭ್ಯಾಸ. ಫೋನಿನಲ್ಲಿ ನಿಯಮ ಹುಡುಕಿ ತೆಗೆದು ಓದಿದಳು. “ಅಜ್ಜನೋ ಅಜ್ಜಿಯೋ ಐರ್ಲೆಂಡಲ್ಲಿ ಹುಟ್ಟಿದ್ರೆ ಮೊಮ್ಮಕ್ಕಳು ಹೆಸರು ನೋಂದಾಯಿಸ್ಕೊಂಡು ಪ್ರಜೆ ಆಗಬಹುದು. ಅಂದ್ರೆ ಅಪ್ಪ, ನೀನಾಗಬಹುದು. ನಂಗೆ ಬರಲ್ಲ.”

“ನಿಂಗ್ಯಾಕೆ ಬರಲ್ಲ? ನೀನೇನು ಬೀದೀಲಿ ಸಿಕ್ಕಿದ್ದಾ?”

“ನಾನು ಹುಟ್ಟೋ ಮೊದಲೇ ನೀನು ನೋಂದಾಯಿಸಿರಬೇಕಿತ್ತಂತೆ. ಆವಾಗ ಮಲಗಿದ್ದೆಯಲ್ಲ, ಹಾಗಾಗಿ ನನ್ನ ಪಾಲು ಹೋಯ್ತು. ಅಮ್ಮನಿಗೂ ಸುಮ್ಮನೆ ಸಿಗಲ್ಲ. ಗಂಡ ಐರಿಷ್ ಆದ್ರೆ ಅಲ್ಲಿ ಹೋಗಿ ಮೂರು ವರ್ಷ ಸಂಸಾರ ಮಾಡಿ ತೋರಿಸ್ಬೇಕು.”

“ಇಲ್ಲಿ ಮೂವತ್ತಾರು ವರ್ಷ ಮಾಡಿದ್ದು ಲೆಕ್ಕಕ್ಕಿಲ್ವಂತಾ?” ಎಂದಳು ನೆಲಿಡಾ.

“ಅದನ್ನೆಲ್ಲ ನಾನು ಮಾತಾಡ್ತೀನಿ,” ಎಂದರು ಎಡ್ಮುಂಡೊ.

“ಯಾರ ಹತ್ರ?”

“ಐರ್ಲೆಂಡ್ ಹತ್ರ.” ಆಮೇಲೆ ಔದಾರ್ಯ ಉಕ್ಕಿ ಬಂದು ಅತ್ತೆಯ ಕಡೆ ತಿರುಗಿದರು. “ಅತ್ತೆ, ನೀವು ಬೇಜಾರು ಮಾಡ್ಕೋಬಾರ್ದು. ಪಾಪ, ನಿಮ್ಮ ಕಡೆಯವರಿಗೆ ಇದರಲ್ಲಿ ಏನೂ ಇಲ್ಲ.”

ಪಾಲ್ಮಿರಾ ಬಟಾಣಿ ಸುಲಿಯುತ್ತಿದ್ದರು. “ನಂಗ್ಯಾತರ ಬೇಜಾರು ಅಳಿಯಂದಿರೇ. ಬಟಾಣಿ ಸುಲಿಯೋಕೆ ಪಾಸ್‌ಪೋರ್ಟ್ ಕೇಳ್ತಾರಾ?”

ನದೀಮೂಲ, ಋಷಿಮೂಲ ಕೆದಕಬಾರದೆಂದು ಹಿರಿಯರು ಹೇಳಿದ್ದಾರೆ. ಐರಿಷ್ ಮೂಲವನ್ನು ಆ ಪಟ್ಟಿಗೆ ಸೇರಿಸುವುದನ್ನು ಮಾತ್ರ ಅವರು ಮರೆತರು. ಆ ದಿನದಿಂದ ಎಡ್ಮುಂಡೊ ಅವರಿಗೆ ಹತ್ತಿದ ರೋಗಕ್ಕೆ ಮೂಲವ್ಯಾಧಿಯೆಂಬ ಹೆಸರು ಸರಿಯಾಗಿ ಹೊಂದುತ್ತಿತ್ತು, ಅದೂ ಕುಳಿತಲ್ಲಿ ಕೂರಲು ಬಿಡದ ಬಗೆ. ಪೌರತ್ವ ಬರುವುದಕ್ಕೆ ಮೊದಲೇ ಪೌರುಷ ಬಂದುಬಿಟ್ಟಿತು. ಅಂಗಡಿಯ ಬಾಗಿಲಿಗೆ ಹಸಿರು ಬಣ್ಣ ಬಳಿದರು. (ಅದು ಯಾರೂ ಕೊಳ್ಳದೆ ಉಳಿದಿದ್ದ ಟ್ರ್ಯಾಕ್ಟರ್ ಹಸಿರು. ಮೂವರು ರೈತರು ಟ್ರ್ಯಾಕ್ಟರ್ ಬಿಡಿಭಾಗ ಕೇಳಿಕೊಂಡು ಒಳಗೆ ಬಂದರು.) ವಾರಕ್ಕೆರಡು ಸಂಜೆ ಇಂಗ್ಲಿಷ್ ಪಾಠಕ್ಕೆ ಹೋಗತೊಡಗಿದರು. ಊಟದ ಮೇಜಿನಲ್ಲಿ ಕೈಯಾಡಿಸಿ ಮಾತಾಡಬಾರದೆಂದು ಕಾಯಿದೆ ಮಾಡಿದರು. ಪಾಲ್ಮಿರಾ ಒಂದು ಹೊತ್ತು ಅದನ್ನು ಪಾಲಿಸಿದರು. ಕೈ ಕಟ್ಟಿ ಕೂತು ಒಂದು ಮಾತನ್ನೂ ಆಡಲಿಲ್ಲ. ಸಾರಿಗೆ ಉಪ್ಪು ಬಿದ್ದಿಲ್ಲವೆಂದು ಯಾರಿಗೂ ಹೇಳಲಿಲ್ಲ, ಎಲ್ಲರೂ ಸಪ್ಪೆ ಸಾರು ಕುಡಿದೆದ್ದರು. ಮರುದಿನ ಕಾಯಿದೆ ರದ್ದಾಯಿತು.

ಇನ್ನು ಉಳಿದದ್ದು ಒಂದೇ ಕಾಗದ. ಅಜ್ಜ ಹುಟ್ಟಿದ ದಾಖಲೆ. ಎಡ್ಮುಂಡೊ ವೆಸ್ಟ್‌ಮೀತ್‌ನ ಚರ್ಚೊಂದಕ್ಕೆ ಪತ್ರ ಬರೆದರು. ಎರಡು ತಿಂಗಳ ಮೇಲೆ ವಿನಯದ ಉತ್ತರ ಬಂತು: ತಾವು ಹೇಳಿದ ವರ್ಷದಲ್ಲಿ ಮಿಗೆಲ್ ಅಥವಾ ಮೈಕೆಲ್ ಟಾರ್ಮಿ ಎಂಬ ಮಗು ಇಲ್ಲಿ ಹುಟ್ಟಿಲ್ಲ. ಪಕ್ಕದ ಚರ್ಚಿಗೆ ಬರೆದರು. ಅಲ್ಲಿಂದಲೂ ಅಷ್ಟೇ ವಿನಯ. ಐದನೆಯ ವಿನಯದ ಹೊತ್ತಿಗೆ ಅವರಿಗೆ ಸಿಟ್ಟು ನೆತ್ತಿಗೇರಿತ್ತು. “ಇಷ್ಟು ದೊಡ್ಡ ಮನುಷ್ಯ ಹುಟ್ಟಿದ್ದು ಒಬ್ಬರಿಗೂ ನೆನಪಿಲ್ಲ ಅಂದ್ರೆ ಏನರ್ಥ?”

“ಇಲ್ಲಿ ನಮ್ಮ ಚರ್ಚಲ್ಲಿ ಹಳೇ ಪುಸ್ತಕ ಇದಾವಲ್ಲ, ಮದುವೆ ದಾಖಲೇಲಿ ಅಜ್ಜನ ಊರು ಬರೆದಿರ್ತಾರೆ, ನೋಡ್ಕೊಂಡು ಬಾ,” ಎಂದಳು ಸಬೀನಾ.

ಆ ಹಳೆಯ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದವರು ಒನೋರಿಯಾ ಗಹಾನ್ ಎಂಬ ವೃದ್ಧ ಕನ್ಯೆ. ಊರಿನ ಎಲ್ಲರ ಹುಟ್ಟು, ಮದುವೆ, ಸಾವು ಆಕೆಗೆ ಬಾಯಿಪಾಠ. ಮದುವೆಗೂ ಮೊದಲ ಮಗುವಿಗೂ ನಡುವಿನ ತಿಂಗಳುಗಳು ಕೂಡ ಗೊತ್ತಿದ್ದುದರಿಂದ ಊರೆಲ್ಲ ಆಕೆಗೆ ಬಹಳ ಮರ್ಯಾದೆ ಕೊಡುತ್ತಿತ್ತು. ಆಕೆ ಕನ್ನಡಕ ಏರಿಸಿ, ಹಾಳೆ ಮಗುಚಿ, ಒಂದು ಕಡೆ ಬೆರಳಿಟ್ಟರು.

“ಇಲ್ಲಿದಾರೆ ನೋಡಪ್ಪ ನಿಮ್ಮಜ್ಜ.”

“ಮದುವೆದಾ?”

“ಅಲ್ಲ, ಹುಟ್ಟಿದ್ದು. ಸಾವಿರದ ಎಂಟುನೂರ ಎಂಬತ್ತಾರು, ಜುಲೈ. ಮಿಗೆಲ್ ಟಾರ್ಮಿ, ಗಂಡು ಮಗು, ಇದೇ ಊರಿನ ರೈಲ್ವೆ ಹಳಿಯಾಚೆಗಿನ ಕುರಿಹಟ್ಟಿಯಲ್ಲಿ ಜನನ.”

ಎಡ್ಮುಂಡೊ ಬಹಳ ಹೊತ್ತು ಆ ಬೆರಳನ್ನೇ ನೋಡಿದರು, ಬೆರಳಿನದೇ ತಪ್ಪು ಎನ್ನುವ ಹಾಗೆ. “ಒನೋರಿಯಾ, ನಮ್ಮಜ್ಜ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಅಲೆಗಳ ಕಥೆ ಹೇಳ್ತಿದ್ರು.”

“ಅವರಿಗೆ ಅವರಪ್ಪ ಹೇಳಿರ್ತಾರೆ. ಹಡಗಲ್ಲಿ ಬಂದಿದ್ದು ಅವರಪ್ಪ.”

“ಹಡಗಲ್ಲೇ ಹುಟ್ಟಿರಬಹುದಲ್ಲ?”

“ಸುಯಿಪಾಚಾಗೆ ಹಡಗು ಬರಲ್ಲ ಎಡ್ಮುಂಡೊ.”

ಚರ್ಚಿನಿಂದ ಮನೆಗೆ ಬರುವ ದಾರಿಯಲ್ಲಿ ಅವರು ರೈಲ್ವೆ ಹಳಿಯ ಹತ್ತಿರ ನಿಂತು ಆಚೆ ನೋಡಿದರು. ಸೋಯಾ ಹೊಲ, ಒಂದು ಮುರಿದ ಗಾಳಿಯಂತ್ರ, ನಾಲ್ಕು ಹಸು. ಅರವತ್ತೊಂದು ವರ್ಷ ಯಾವ ಪುಣ್ಯಭೂಮಿಯನ್ನು ನೆನೆದು ಐರಿಷ್ ಜನರ ಹಬ್ಬದ ದಿನವಾದ ಮಾರ್ಚ್ ಹದಿನೇಳಕ್ಕೆ ಬೇಯಿಸಿದ ಆಲೂಗೆಡ್ಡೆ ತಿಂದಿದ್ದರೋ ಅದು ಇಲ್ಲಿ, ಸೈಕಲ್ಲಿನಲ್ಲಿ ಆರು ನಿಮಿಷದ ದೂರದಲ್ಲಿತ್ತು. ತಾವು ಮುತ್ತಜ್ಜನ ಮಟ್ಟಿಗೆ ಮಾತ್ರ ಐರಿಷ್ ಎಂಬುದು ಅವರ ತಲೆಗೆ ಇಳಿಯಿತು, ಎದೆಗೆ ಇಳಿಯಲಿಲ್ಲ. ನಿಜಕ್ಕೂ ಕಣ್ಣು ತುಂಬಿ ಬಂತು. ಒಂದು ಹಸು ಅವರನ್ನೇ ನೋಡುತ್ತಿದ್ದುದರಿಂದ ಒರೆಸಿಕೊಂಡು ಮನೆಗೆ ಬಂದರು.

ಮನೆಯಲ್ಲಿ ಹತ್ತು ದಿನ ಬಾಯಿ ಬಿಡಲಿಲ್ಲ. ಪುಸ್ತಕಕ್ಕೆ ಗೆದ್ದಲು ಹಿಡಿದಿದೆ ಎಂದರು. ಹನ್ನೊಂದನೆಯ ದಿನ ತಿಂಗಳ ಇಪ್ಪತ್ತೊಂಬತ್ತನೇ ತಾರೀಖು. ಆ ನಾಡಿನಲ್ಲಿ ಇಪ್ಪತ್ತೊಂಬತ್ತಕ್ಕೆ ಮನೆಮನೆಯಲ್ಲೂ ಆಲೂಗೆಡ್ಡೆ ಹಿಟ್ಟಿನ ಕಡುಬು, ನ್ಯೋಕಿ. ಪಾಲ್ಮಿರಾ ಕೈಯಿಂದ ಹೊಸೆದ ನ್ಯೋಕಿಯ ವಾಸನೆಗೆ ಫೆರ್ಮಿನ್ ಲೆಡ್‌ವಿತ್ ಗೋಡೆ ಹಾರಿಯಾದರೂ ಬರುತ್ತಿದ್ದ. ಈ ಸಲ ಬಾಗಿಲಿನಿಂದಲೇ ಬಂದ, ಕೂತ, ಮೂರು ತುತ್ತು ತಿಂದು ಕೇಳಿದ.

“ಒನೋರಿಯಾ ಹೇಳಿದ್ಲಪ್ಪ. ಹಳಿಯಾಚೆಯವರಂತೆ ನಿಮ್ಮಜ್ಜ?”

ನೆಲಿಡಾ ಗಂಡನ ಮುಖ ನೋಡಿದಳು. ನಗಬೇಕೆಂದು ಮೂವತ್ತಾರು ವರ್ಷದಿಂದ ಕಾದಿದ್ದವಳು ಆ ಮುಖ ನೋಡಿ ನಗಲಾಗದೆ, ಅವರ ತಟ್ಟೆಗೆ ಇನ್ನಷ್ಟು ನ್ಯೋಕಿ ಬಡಿಸಿದಳು. “ಹೋಗ್ಲಿ ಬಿಡಿ. ಏನೀಗ? ಇದ್ದ ಹಾಗೇ ಇರ್ತೀರ ಅಷ್ಟೇ.”

“ಅದೇ ಕಣೇ ಕಷ್ಟ,” ಎಂದರು ಎಡ್ಮುಂಡೊ.

ಪಾಲ್ಮಿರಾ ಚೀಸು ತುರಿಯುವುದನ್ನು ನಿಲ್ಲಿಸಿದರು. “ಸಬೀನಾ, ಇದಕ್ಕೆ ಅಜ್ಜನೇ ಅಲ್ಲಿ ಹುಟ್ಟಿರಬೇಕಾ? ಅಮ್ಮ ಹುಟ್ಟಿದ್ರೆ ನಡೆಯಲ್ವಾ?”

“ಯಾರಮ್ಮ, ಅಜ್ಜಿ?”

“ನಮ್ಮಮ್ಮ. ಅವಳು ಅಲ್ಲಿಯವಳೇ ಅಲ್ವಾ.”

ಎಡ್ಮುಂಡೊಗೆ ಹತ್ತು ದಿನದಲ್ಲಿ ಮೊದಲ ಸಲ ನಗು ಬಂತು. “ಅತ್ತೆ, ನಿಮ್ಮಮ್ಮನ ಹೆಸರು ಬ್ರಿಹಿದಾ ಆಲ್ಪಿನಿ. ಸಮಾಧಿ ಕಲ್ಲಿನ ಮೇಲೆ ನಾನೇ ಬಣ್ಣ ಹಚ್ಚಿದೀನಿ. ಆಲ್ಪಿನಿ ಅಂದ್ರೆ ಆಲ್ಪ್ಸ್ ಪರ್ವತದ ಕಡೆಯವರು, ಅಪ್ಪಟ ಇಟಲಿ.”

“ಪರ್ವತ ಗಿರ್ವತ ನಂಗೊತ್ತಿಲ್ಲ. ಅವಳು ಹಾಲ್ಪಿನ್. ಬ್ರಿಜೆಟ್ ಹಾಲ್ಪಿನ್. ನಾಲ್ಕು ವರ್ಷದ ಮಗು, ಅಪ್ಪ ಅಮ್ಮನ ಜೊತೆ ಹಡಗಲ್ಲಿ ಬಂದ್ಲು. ಹಡಗುಕಟ್ಟೇಲಿ ಬರ್ಕೊಳ್ಳೋನು ಕಿವೀಗೆ ಬಿದ್ದ ಹಾಗೆ ಬರ್ಕೊಂಡ.”

ಸ್ಪ್ಯಾನಿಷ್ ನಾಲಿಗೆ ಹಕಾರವನ್ನು ನುಂಗುವುದರಲ್ಲಿ ನಮ್ಮವರಿಗಿಂತ ಒಂದು ಕೈ ಮೇಲು. ಆ ಗುಮಾಸ್ತ ಯಾರೋ, ಹಾಲ್ಪಿನ್ನಿನ ಹಕಾರವನ್ನು ನುಂಗಿ ಆಲ್ಪಿನ್ ಮಾಡಿದ. ಬರೀ ಗುಂಡುಪಿನ್ನು ಹೆಸರೇ ಎಂದು ಮರುಕಪಟ್ಟು ಕೊನೆಗೊಂದು ಇಕಾರ ದಾನ ಮಾಡಿದ. ಒಂದು ನುಂಗು, ಒಂದು ದಾನ, ಐರ್ಲೆಂಡಿನ ಹುಡುಗಿ ಇಟಲಿಯವಳಾದಳು.

ಪಾಲ್ಮಿರಾ ಕೈಗಳು ಮೇಲೆದ್ದವು. ಯಾರೂ ತಡೆಯಲಿಲ್ಲ. “ಬಂದವರನ್ನ ದಕ್ಷಿಣದ ಕಡೆ ಒಂದು ಬಯಲಿಗೆ ಸಾಗಿಸಿದ್ರಂತೆ, ಮನೆ ಇಲ್ಲ ಮಠ ಇಲ್ಲ. ವರ್ಷ ತುಂಬೋದ್ರೊಳಗೆ ಅಪ್ಪ ಅಮ್ಮ ಇಬ್ಬರೂ ಹೋದ್ರು. ಮಗೂನ ಸನ್ಯಾಸಿನಿಯರು ಸಾಕಿದ್ರು. ಆಮೇಲೆ ಬಟ್ಟೆ ಒಗೆಯೋಕೆ ದೊಡ್ಡ ಮನೆಗೆ ಹಾಕಿದ್ರು. ಅವರೂ ಐರಿಷ್ ಜನವೇ, ಮೊದಲೇ ಬಂದು ಕುರಿ ಸಾಕಿ ಮೇಲೆ ಬಂದವರು. ಈ ಹಡಗಿನವರು ಅಂದ್ರೆ ಅವರಿಗೆ ಹೇಸಿಗೆ. ನಾವು ಬೇರೆ, ನೀವು ಬೇರೆ ಅಂತಿದ್ರಂತೆ. ಅಲ್ಲಿ ಗೋಡೆ ಕಟ್ಟೋಕೆ ಬಂದ ನಮ್ಮಪ್ಪ ಓರೆಸ್ತೆ ಇವಳ ಹೆಸರು ಕೇಳಿದ, ಸರಿಯಾಗಿ ಕೇಳಿಸಲಿಲ್ಲ ಅಂತ ಇನ್ನೊಂದ್ಸಲ ಕೇಳಿದ. ಎರಡು ಸಲ ಹೆಸರು ಕೇಳಿದವನು ಅವನೊಬ್ಬನೇ ಅಂತ ಅವನನ್ನೇ ಮದುವೆಯಾದ್ಲು. ನ್ಯೋಕಿ ಮಾಡೋದು ಅತ್ತೆ ಹತ್ರ ಕಲಿತ್ಲು. ಇಂಗ್ಲಿಷು ಮರೆತೇಹೋಯ್ತು.”

“ಅಮ್ಮ, ಒಂದು ದಿನಾನೂ ಹೇಳ್ಲಿಲ್ವಲ್ಲ,” ಎಂದಳು ನೆಲಿಡಾ.

“ಯಾರು ಕೇಳಿದ್ರು? ನಿನ್ನ ಮದುವೇಲಿ ಇವರಮ್ಮ ಬಂದು, ನಿಮ್ಮೋರು ಇಟಲೀಲಿ ಯಾವ ಬಂದರಿನವರು ಅಂತ ಮೂಗೆತ್ತಿ ಕೇಳಿದ್ರು. ಜಿನೋವಾ ಅಂದೆ. ಅಪ್ಪನ ಊರು, ಸುಳ್ಳೇನಲ್ಲ. ಅಮ್ಮನ ಊರು ಹೇಳಿದ್ರೆ ಇನ್ನೂ ಮೇಲಕ್ಕೆ ಮೂಗೆತ್ತೋರು, ಕತ್ತು ಉಳುಕೋದು.”

ಸಬೀನಾ ಫೋನಿನಲ್ಲಿ ಮುಳುಗಿದ್ದಳು. ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು. “ಅಪ್ಪ, ತಂದೆ ಅಥವಾ ತಾಯಿ ಐರ್ಲೆಂಡಲ್ಲಿ ಹುಟ್ಟಿದ್ರೆ ಅರ್ಜಿಯೇ ಬೇಕಿಲ್ಲ. ಮಗು ಎಲ್ಲೇ ಹುಟ್ಟಲಿ, ಹುಟ್ಟುತ್ತಲೇ ಐರಿಷ್ ಪ್ರಜೆ.”

“ಅಂದ್ರೆ?” ಎಂದರು ಎಡ್ಮುಂಡೊ, ಅರ್ಥವಾಗಿದ್ದರೂ.

“ಅಂದ್ರೆ ಅಜ್ಜಿ ತೊಂಬತ್ತೊಂದು ವರ್ಷದಿಂದ ಐರಿಷ್. ಈಗ್ಲೂ ಐರಿಷ್. ಚೀಸು ತುರೀತಾ ಇರೋದೂ ಐರಿಷ್ ಆಗೇ. ಅಮ್ಮ ಮೊಮ್ಮಗಳು, ಅರ್ಜಿ ಹಾಕಿದ್ರೆ ಆಗ್ತಾಳೆ. ನಾನು ಎರಡು ಕಡೆಯಿಂದ್ಲೂ ತಪ್ಪಿಸ್ಕೊಂಡೆ. ನೀನು...”

“ನನ್ನ ವಿಷಯ ಬಿಡು.”

“ಬಿಟ್ಟೆ.”

ಫೆರ್ಮಿನ್ ಎದ್ದು ನಿಂತು, ತೋಳು ಚಾಚಿ, ಪಾಲ್ಮಿರಾ ಕೈಗೆ ಮುತ್ತಿಟ್ಟ. “ನಾನು ಅರ್ಜಿ ಹಾಕಿ ಆದವನು, ತಾಯಿ. ನೀವು ಹುಟ್ಟುಪ್ರಜೆ.” ಅವತ್ತಿನ ಮಟ್ಟಿಗೆ ಅವನಿಗೂ ಸ್ವಲ್ಪ ಸೊಕ್ಕು ಇಳಿದದ್ದು ಎಡ್ಮುಂಡೊ ಅವರಿಗೆ ಸಿಕ್ಕ ಏಕೈಕ ಸಮಾಧಾನ.

ಆ ರಾಷ್ಟ್ರೀಯ ದುರಂತದ ನಂತರ ಎಡ್ಮುಂಡೊ ಮೂರು ದಿನ ಮಂಕಾಗಿ ಕೂತಿದ್ದರು. ನಾಲ್ಕನೆಯ ದಿನ ನೆಲಿಡಾ ಅವರ ಮುಂದೆ ಒಂದು ಕಡತ ಇಟ್ಟಳು. “ಅಮ್ಮಂಗೆ ಪಾಸ್‌ಪೋರ್ಟ್ ಬೇಕಂತೆ. ಯಾವ ಕಾಗದ ಎಲ್ಲಿ ಸಿಗುತ್ತೆ, ಯಾವ ಕಚೇರೀಲಿ ಯಾವ ಕಿಟಕಿ, ಎಲ್ಲ ನಿಮಗೇ ಗೊತ್ತಿರೋದು. ನಿಮ್ಮಷ್ಟು ಓಡಾಡಿ ಪಳಗಿದೋರು ಈ ಮನೇಲಿ ಇನ್ಯಾರಿದಾರೆ?”

ಹೀಗೆ ಟಾರ್ಮಿ ವಂಶದ ಕುಡಿ ಹಾಲ್ಪಿನ್ ವಂಶದ ಗುಮಾಸ್ತನಾಗಿ ನೇಮಕಗೊಂಡಿತು. ಮೊದಮೊದಲು ಗೊಣಗಿಕೊಂಡೇ ಓಡಾಡಿದರು. ಒನೋರಿಯಾ ಮದುವೆ ಪುಸ್ತಕ ತೆಗೆದು ತೋರಿಸಿದರು: ಬ್ರಿಹಿದಾ ಆಲ್ಪಿನಿ ಅಥವಾ ಹಾಲ್ಪಿನ್, ಐರ್ಲೆಂಡಿನ ಲಿಮೆರಿಕ್ ಊರಿನವಳು, ತಂದೆತಾಯಿ ಇಲ್ಲ. ಆ ‘ಅಥವಾ’ ಎಂಬ ಪದವನ್ನು ಬರೆದ ಪಾದ್ರಿಗೆ ಎಡ್ಮುಂಡೊ ಮನಸ್ಸಿನಲ್ಲೇ ಟೋಪಿ ತೆಗೆದರು. ಅಲ್ಲಿಂದ ಮುಂದೆ ಅವರಿಗೂ ಹುರುಪು ಹತ್ತಿತು. ಲಿಮೆರಿಕ್‌ನ ಚರ್ಚಿಗೆ ತಮ್ಮ ಹೊಸ ಇಂಗ್ಲಿಷಿನಲ್ಲಿ ಪತ್ರ ಬರೆದರು. ಈ ಸಲ ವಿನಯದ ಜೊತೆ ಕಾಗದವೂ ಬಂತು.

ಸಬೀನಾ ಅದನ್ನು ಅಜ್ಜಿಗೆ ಓದಿ ಹೇಳಿದಳು. “ಬ್ರಿಜೆಟ್ ಹಾಲ್ಪಿನ್. ಹೆಣ್ಣು ಮಗು. ಸಾವಿರದ ಎಂಟುನೂರ ಎಂಬತ್ತೈದು, ಫೆಬ್ರವರಿ. ತಂದೆ ಮಾರ್ಟಿನ್ ಹಾಲ್ಪಿನ್, ಕೂಲಿ. ತಾಯಿ ಜೊಹಾನಾ.”

“ಏನಂದೆ?”

“ಜೊಹಾನಾ, ಅಜ್ಜಿ. ನಿಮ್ಮಮ್ಮನ ಅಮ್ಮ.”

“ಜೊಹಾನಾ,” ಎಂದರು ಪಾಲ್ಮಿರಾ. ಅವರ ಎರಡು ಕೈಗಳೂ ಮಡಿಲಲ್ಲಿ ಸುಮ್ಮನೆ ಇದ್ದವು. “ನಮ್ಮಮ್ಮಂಗೆ ಅವಳಮ್ಮನ ಹೆಸರು ಗೊತ್ತಿರಲಿಲ್ಲ ಕಣೇ. ಸಾಯೋವರೆಗೂ ಒಂದೊಂದ್ಸಲ ಒಂದೊಂದು ಹೆಸರು ಹೇಳಿ ನೋಡೋಳು, ಯಾವುದಾದ್ರೂ ನೆನಪಾಗುತ್ತೇನೋ ಅಂತ. ಇದನ್ನ ಹೇಳಿರಲಿಲ್ಲ.”

ಎಡ್ಮುಂಡೊ ಎದ್ದು ಹಿತ್ತಿಲಿಗೆ ಹೋಗಿ, ಬಿಗಿಯಾಗೇ ಇದ್ದ ನಲ್ಲಿಯನ್ನು ಬಹಳ ಹೊತ್ತು ಬಿಗಿ ಮಾಡಿದರು. ಒಳಗೆ ಬಂದು, ಗೋಡೆಯ ಮೇಲಿನ ಅಜ್ಜನ ಚಿತ್ರವನ್ನು ಇಳಿಸಿ ಬಿಡುತ್ತೇನೆ, ಅಲ್ಲಿ ನಿಮ್ಮಮ್ಮನ ಫೋಟೋ ಹಾಕೋಣ ಎಂದರು. ಪಾಲ್ಮಿರಾ ಬೇಡವೆಂದರು. “ಇರಲಿ ಬಿಡಿ ಅಳಿಯಂದಿರೇ. ಆ ಮನುಷ್ಯ ಇನ್ನೆಲ್ಲಿಗೆ ಹೋಗ್ತಾರೆ ಪಾಪ. ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೀರಿ. ಮೊಳೆಗೇನು ಬರ ನಮ್ಮನೇಲಿ.”

ಪಾಸ್‌ಪೋರ್ಟು ಬಂತು. ಎಲ್ಲರೂ ಅದನ್ನು ಕಟ್ಟು ಹಾಕಿಸಿ ಇಡುವ ವಸ್ತು ಎಂದುಕೊಂಡರು. ಪಾಲ್ಮಿರಾ ಮಾತ್ರ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದಕ್ಕೆ ಹತ್ತು ವರ್ಷ ಆಯಸ್ಸು ಅಂತ ಬರೆದಿದೆ, ನನಗೆ ಹಾಗೆಲ್ಲೂ ಬರೆದಿಲ್ಲ, ಬೇಗ ಹೋಗಿ ಬರಬೇಕು ಎಂದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ, ಜೊಹಾನಾ ಊರಿಗೆ ಎಂದರು. ಡಾಕ್ಟರು ಆಕೆಯ ಎದೆ ಬೆನ್ನು ತಟ್ಟಿ ನೋಡಿ ಹೋಗಬಹುದೆಂದರು, ಅಳಿಯನಿಗೆ ಮಾತ್ರ ರಕ್ತದೊತ್ತಡದ ಮಾತ್ರೆ ಬರೆದುಕೊಟ್ಟರು. ನೆಲಿಡಾಗೆ ವಿಮಾನವೆಂದರೆ ಪ್ರಾಣಭಯ. ಸಬೀನಾಗೆ ಶಾಲೆ. ಅಂಗಡಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಈ ಸಲ ಏಳಲೇ ಇಲ್ಲ. ಅದನ್ನು ತಾನೇ ನೋಡಿಕೊಳ್ಳುವುದಾಗಿ ನೆಲಿಡಾ ಹೇಳಿ, ಮೊದಲ ದಿನವೇ ಬಾಗಿಲಿಗೆ ಕೆಂಪು ಬಣ್ಣ ಹೊಡೆಸಿದಳು.

ಹದಿನೆಂಟು ಗಂಟೆಗಳ ಪ್ರಯಾಣದಲ್ಲಿ ಪಾಲ್ಮಿರಾ ಗೊರಕೆ ಹೊ‍ಡೆದರು, ಎಡ್ಮುಂಡೊ ಇಂಗ್ಲಿಷ್ ವಾಕ್ಯಗಳನ್ನು ಕಲಿತರು. ಡಬ್ಲಿನ್ನಿನಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ, ಜಿನುಗು ಮಳೆ. ಒಬ್ಬ ಹುಡುಗಿ ಗಾಲಿಕುರ್ಚಿ ತಂದು ಪಾಲ್ಮಿರಾರನ್ನು ಕೂರಿಸಿಕೊಂಡಳು, ಪಾಸ್‌ಪೋರ್ಟಿನ ಬಣ್ಣ ನೋಡಿದಳು, ಎಡಗಡೆ ಖಾಲಿಯಿದ್ದ ಸಾಲಿಗೆ ತಳ್ಳಿಕೊಂಡು ಹೊರಟಳು. ಹಿಂದೆಯೇ ಹೊರಟ ಎಡ್ಮುಂಡೊ ಅವರ ನೀಲಿ ಪಾಸ್‌ಪೋರ್ಟನ್ನೂ ನೋಡಿ, ನಯವಾಗಿ ಬಲಗಡೆ ತೋರಿಸಿದಳು. ಬಲಗಡೆ, ಹಗ್ಗ ಕಟ್ಟಿದ ಓಣಿಗಳಲ್ಲಿ, ಉಳಿದ ಪ್ರಪಂಚವೆಲ್ಲ ನಿಂತಿತ್ತು.

ಒಂದೂವರೆ ಗಂಟೆ. ಒಂದು ಹೆಗಲಲ್ಲಿ ತಮ್ಮ ಚೀಲ, ಇನ್ನೊಂದರಲ್ಲಿ ಅತ್ತೆಯ ಚೀಲ, ಕೈಯಲ್ಲಿ ಅತ್ತೆಯ ಕೊಡೆ, ಕಂಕುಳಲ್ಲಿ ಅತ್ತೆಯ ದಿಂಬು. ಸರದಿ ಬಂದಾಗ ಗಾಜಿನ ಹಿಂದಿದ್ದ ಅಧಿಕಾರಿ ಹೆಸರು ಓದಿ ತಲೆಯೆತ್ತಿದ.

“ಟಾರ್ಮಿ. ನಮ್ಮ ವೆಸ್ಟ್‌ಮೀತ್ ಕಡೆ ಹೆಸರು. ನೆಂಟರನ್ನ ನೋಡೋಕೆ ಬಂದಿರಾ?”

ಅರವತ್ತೊಂದು ವರ್ಷ ಯಾರಾದರೂ ಈ ಮಾತು ಕೇಳಲಿ ಎಂದು ಕಾದಿದ್ದ ಮನುಷ್ಯ ಬಾಯಿ ತೆರೆದರು. ವಿಮಾನದಲ್ಲಿ ಕಲಿತ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. ಬಂದದ್ದು ನಿಜ ಮಾತ್ರ.

“ಇಲ್ಲ. ನಮ್ಮತ್ತೆಯ ಚೀಲ ಹೊತ್ಕೊಂಡು ಬಂದಿದೀನಿ.”

“ಎಷ್ಟು ದಿನ ಇರ್ತೀರಿ?”

ಎಡ್ಮುಂಡೊ ಆಚೆ ನೋಡಿದರು. ಗೆರೆಯ ಆ ಬದಿಯಲ್ಲಿ ಪಾಲ್ಮಿರಾ ಗಾಲಿಕುರ್ಚಿಯಲ್ಲಿ ಮಹಾರಾಣಿಯಂತೆ ಕೂತಿದ್ದರು. ಯಾರೋ ಚಹಾ ತಂದುಕೊಟ್ಟಿದ್ದರು. ವಿಮಾನ ನಿಲ್ದಾಣದ ಮೂವರು ಕೆಲಸದವರು ಸುತ್ತ ನಿಂತು, ಆಕೆ ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದ ಕಥೆಗೆ ಒಂದಕ್ಷರವೂ ತಿಳಿಯದೆ ತಲೆದೂಗುತ್ತಿದ್ದರು. ಆಕೆಯ ಎರಡು ಕೈಗಳೂ ಗಾಳಿಯಲ್ಲಿದ್ದವು. ಅವರೂ ಕೈಯಾಡಿಸಿಯೇ ಉತ್ತರ ಕೊಡುತ್ತಿದ್ದರು.

“ಅದನ್ನ ಅವರನ್ನೇ ಕೇಳ್ಬೇಕು ಸ್ವಾಮಿ,” ಎಂದರು ಎಡ್ಮುಂಡೊ. “ನಾನು ಅವರ ಕಡೆಯವನು.”